ಆಯಿಯ ತೊಡೆ, ಆಯಿಯ ಪಿನ್ನು

ಮಳೆಗಾಲದಲ್ಲಿ ಕಾಗಿಣಾ ತುಂಬಿ ದಂಡೋತಿಯ ಸೇತುವೆ ಮೇಲೆ ನೀರು ಹರಿಯತೊಡಗಿದರೆ ಆ ಕಡೆಯವರು ಆ ಕಡೆ, ಈ ಕಡೆಯವರು ಈ ಕಡೆ. ಬಸ್ಸು ನಿಲ್ಲುತ್ತದೆ, ಟಂಟಂ ನಿಲ್ಲುತ್ತದೆ, ಬೈಕುಗಳು ಸಾಲುಗಟ್ಟಿ ನಿಲ್ಲುತ್ತವೆ. ಚಿಂಚೋಳಿ ಕಡೆ ಮಳಿ ಹೆಂಗ ಅದ, ಮುಲ್ಲಾಮಾರಿಗೆ ನೀರು ಬಿಟ್ಟಾರೇನು, ಸಂಜಿ ತನಕಾ ಇಳೀತದೇನು ಎಂಬ ಮಾತೆಲ್ಲ ಒಂದು ಸುತ್ತು ಮುಗಿದ ಮೇಲೆ ಜನ ಸುಮ್ಮನೆ ರಾಡಿನೀರು ನೋಡುತ್ತ ನಿಲ್ಲುತ್ತಾರೆ. ಆಗ ಒಬ್ಬರ ಕೈಯಲ್ಲಿದ್ದ ಬೈಕಿನ ಚಾವಿ ಮೆಲ್ಲಗೆ ಕಿವಿಗೆ ಏರುತ್ತದೆ. ಸ್ವಲ್ಪ ಹೊತ್ತಿಗೆ ಪಕ್ಕದವರದೂ ಏರುತ್ತದೆ. ಚಾವಿ ಇಲ್ಲದವರು ಕಿರುಬೆರಳು ಹಾಕಿ ಗಡಗಡ ಅಲುಗಾಡಿಸುತ್ತಾರೆ. ಬೀಡಿ ಸೇದುವವರು ಕಡ್ಡಿಪೆಟ್ಟಿಗೆಯಿಂದ ಒಂದು ಕಡ್ಡಿ ತೆಗೆದು, ಮದ್ದಿನ ತುದಿಯನ್ನೇ ಒಳಗೆ ಬಿಟ್ಟು, ಕಣ್ಣು ಅರ್ಧ ಮುಚ್ಚಿ, ಬಾಯಿಯನ್ನು ಒಂದು ಬದಿಗೆ ಎಳೆದು ತಿರುವುತ್ತಾರೆ.

ಆ ಹೊತ್ತಿನಲ್ಲಿ ನನಗೆ ಹೊಳೆಗಿಂತ ಈ ಚಾವಿಗಳ ಭಯವೇ ಹೆಚ್ಚು. ಹಿಂದಿದ್ದವರು ಯಾರಾದರೂ ಸರಿದು ಮೊಣಕೈಗೆ ತಾಗಿದರೆ? ಲಾರಿಯ ಹಾರನ್‌ಗೆ ಬೆಚ್ಚಿ ಕೈ ಜರುಗಿದರೆ? ಗುರುತಿಲ್ಲದವರ ಮುಂಗೈ ಹಿಡಿದು "ಅಣ್ಣಾ, ಸಾಕು ತೆಗೀರಿ" ಅನ್ನಬೇಕೆನಿಸುತ್ತದೆ. ಒಮ್ಮೊಮ್ಮೆ ಅಂದೇ ಬಿಡುತ್ತೇನೆ. "ಏನ್ ಮಾಡ್ಬೇಕ್ರಿ, ಕಿವ್ಯಾಗ ಕಡೀಲತ್ತದ" ಎಂದು ಅವರು ನನ್ನ ಕಡೆ ತಿರುಗಿ ನೋಡುತ್ತಾರೆ, ಕಿವಿಯಿಂದ ಚಾವಿಯನ್ನು ತೆಗೆಯದೆಯೇ.

ಅವರ ಸುಖವನ್ನು ನಾನು ಅಲ್ಲಗಳೆಯುವುದಿಲ್ಲ. ಕಿವಿಯ ನಾಳದಷ್ಟು ಚಿಕ್ಕ ಜಾಗದಲ್ಲಿ ಅಷ್ಟು ನರಗಳು ಬಂದು ಸೇರುವುದು ಮೈಯಲ್ಲಿ ಅಪರೂಪ. ಎದೆ, ಹೊಟ್ಟೆಗಳಿಗೆಲ್ಲ ಹೋಗುವ ವೇಗಸ್ ನರದ ಒಂದು ಸಣ್ಣ ಕವಲು ಕಿವಿಯೊಳಗೂ ಬರುತ್ತದೆ. ಜರ್ಮನಿಯ ಅಂಗರಚನಾ ಶಾಸ್ತ್ರಜ್ಞ ಫ್ರೀಡ್ರಿಷ್ ಆರ್ನಾಲ್ಡ್ ಅದನ್ನು ಗುರುತಿಸಿದ್ದರಿಂದ ಅದಕ್ಕೆ ಅವರ ಹೆಸರೇ ನಿಂತಿದೆ. ಕೆಲವರಿಗೆ ಕಿವಿಗೆ ಕಡ್ಡಿ ಹಾಕಿದ ಕೂಡಲೇ ಒಣಕೆಮ್ಮು ಬರುವುದು ಈ ನರದಿಂದಲೇ. ನಮ್ಮ ಆಯಿ ನನ್ನ ಕಿವಿ ತೆಗೆಯುವಾಗ ನನಗೂ ಕೆಮ್ಮು ಬರುತ್ತಿತ್ತು. "ಗಂಟಲ ಒಣಗ್ಯದ ಕೂಸಿಂದು" ಎಂದು ಅವಳು ಪಿನ್ನು ಕೆಳಗಿಟ್ಟು ತಂಬಿಗೆ ನೀರು ಕುಡಿಸಿ, ಮತ್ತೆ ತಲೆಯನ್ನು ತೊಡೆಗೆ ಎಳೆದುಕೊಳ್ಳುತ್ತಿದ್ದಳು.

ಆಯಿಯ ಆ ಕೆಲಸಕ್ಕೆ ಬಿಸಿಲು ಬೇಕು. ಹಾಗಾಗಿ ಮಧ್ಯಾಹ್ನದ ಊಟವಾಗಿ, ಭಾಂಡೆ ತಿಕ್ಕಿ ಬೋರಲು ಹಾಕಿದ ಮೇಲೆ, ಅಂಗಳದ ಪರಸಿಕಲ್ಲಿನ ಮೇಲೆ ಕಾಲು ಚಾಚಿ ಕುಳಿತುಕೊಳ್ಳುತ್ತಿದ್ದಳು. ಅವಳ ಬಳೆಗೆ ಎರಡು ಪಿನ್ನು ಯಾವಾಗಲೂ ಸಿಕ್ಕಿಸಿರುತ್ತಿದ್ದವು. ಸೀರೆಗೆ, ಮುಳ್ಳಿಗೆ, ಚೀಲದ ಬಾಯಿಗೆ, ಕಿವಿಗೆ, ಎಲ್ಲದಕ್ಕೂ ಅವೇ. ಕೊರಳ ದಾರದಲ್ಲಿ ಇನ್ನೊಂದು ಸಣ್ಣ ಬೆಳ್ಳಿಯ ಉಂಗುರವಿತ್ತು. ಅದರಲ್ಲಿ ಮೂರು ಕಡ್ಡಿಗಳು ಜೋತಾಡುತ್ತಿದ್ದವು: ಒಂದು ಹಲ್ಲಿಗೆ, ಒಂದು ಮುಳ್ಳಿಗೆ, ಮೂರನೆಯದು ತುದಿಯಲ್ಲಿ ಎಳ್ಳುಕಾಳಿನಷ್ಟು ಸೌಟಿನ ಆಕಾರವಿದ್ದ ಕಿವಿಯ ಕಡ್ಡಿ. ಬಹಳ ವರ್ಷಗಳ ನಂತರ ಹರಪ್ಪಾದ ಅಗೆತದಲ್ಲಿ ಸಿಕ್ಕ ತಾಮ್ರದ ಸಾಮಾನುಗಳ ಚಿತ್ರ ನೋಡಿದಾಗ ನನಗೆ ಮೈ ಝುಮ್ಮೆಂದಿತು. ಅಲ್ಲಿಯೂ ಒಂದು ಚಿಮುಟ, ಒಂದು ಚೂಪುಕಡ್ಡಿ, ಒಂದು ಕಿವಿಯ ಸೌಟು, ಮೂರೂ ಒಟ್ಟಿಗೆ ಒಂದು ಗೊಂಚಲು. ನಾಲ್ಕು ಸಾವಿರ ವರ್ಷಗಳ ಹಿಂದಿನ ಯಾವುದೋ ಆಯಿಯೂ ಬಿಸಿಲಿಗೆ ಕಾಲು ಚಾಚಿ ಕುಳಿತು ಮೊಮ್ಮಗುವನ್ನು ಕರೆದಿರಬೇಕು.

ತೊಡೆಯ ಮೇಲೆ ತಲೆಯಿಟ್ಟರೆ ಒಂದು ಕಿವಿ ಕೆಳಗೆ, ಒಂದು ಕಿವಿ ಮೇಲೆ. ಕೆಳಗಿನ ಕಿವಿಗೆ ಇಳಕಲ್ ಸೀರೆಯ ಮೂಲಕ ಆಯಿಯ ಹೊಟ್ಟೆಯ ಗುಡುಗುಡು, ಅವಳು ಮಾತಾಡಿದರೆ ಆ ಮಾತಿನ ಗುಂಗು ಕೇಳಿಸುತ್ತಿತ್ತು. ಮೇಲಿನ ಕಿವಿಯಲ್ಲಿ ಪಿನ್ನು ಕೆರೆಯುವ ಸದ್ದು. ಎಷ್ಟು ಸಣ್ಣ ಪಿನ್ನು, ಎಷ್ಟು ದೊಡ್ಡ ಸದ್ದು! "ಅಲುಗಾಡಬ್ಯಾಡ ನನ್ನಪ್ಪ" ಎಂದು ಎಡಗೈಯಿಂದ ಹಣೆ ಒತ್ತಿ ಹಿಡಿಯುತ್ತಿದ್ದಳು. ಅಲುಗಾಡದಿರಲೆಂದೇ ಕಥೆ ಹೇಳುತ್ತಿದ್ದಳು. ಮಳಖೇಡದ ಕೋಟೆಯಲ್ಲಿ ರಾತ್ರಿ ದೀಪ ಓಡಾಡುತ್ತವೆ ಎಂಬ ಕಥೆ, ನಾಗಾವಿ ಎಲ್ಲಮ್ಮನ ಜಾತ್ರೆಗೆ ಬಂಡಿ ಕಟ್ಟಿಕೊಂಡು ಹೋದ ಕಥೆ. ಹೊರಬಂದ ಗುಗ್ಗೆಯನ್ನು ಹೆಬ್ಬೆರಳ ಉಗುರಿಗೆ ಒರೆಸಿ, "ನೋಡಿಲ್ಲಿ, ಇಟ್ಟು ಹೊಲಸಿತ್ತು" ಎಂದು ತೋರಿಸುತ್ತಿದ್ದಳು. ಓಣಿಯ ಹುಡುಗರೆಲ್ಲ ಸರದಿಯಲ್ಲಿ ಬಂದು ಅವಳ ತೊಡೆಗೆ ತಲೆ ಕೊಡುತ್ತಿದ್ದರು. ಅವಳ ಕೈ ಹಗುರ ಎಂದು ಹೆಸರಾಗಿತ್ತು.

ಹಗುರ ಕೈಯವರೇ ಆಗಿದ್ದರು ಪಕ್ಕದ ಓಣಿಯ ಒಬ್ಬ ತಾಯಿ. ಮಗನ ಕಿವಿ ತೆಗೆಯುತ್ತಿದ್ದಾಗ ಚಿಕ್ಕವನು ಓಡಿಬಂದು ಅವ್ವನ ಬೆನ್ನಿಗೆ ಬಿದ್ದ. ಅಷ್ಟೇ. ದೊಡ್ಡ ಹುಡುಗ ಕೂಗಿದ ಕೂಗು ನಮ್ಮ ಮನೆಯವರೆಗೆ ಕೇಳಿಸಿತು. ಕಿವಿಯಿಂದ ಒಂದು ಗೆರೆ ರಕ್ತ, ಆಮೇಲೆ ತಲೆ ತಿರುಗಿ ವಾಂತಿ. ಪರದೆ ಹರಿದಿತ್ತು. ಪರದೆಯ ಸಣ್ಣ ಗಾಯ ನೀರು ತಾಗದಂತೆ ನೋಡಿಕೊಂಡರೆ ಬಹುಪಾಲು ಕೆಲವು ವಾರಗಳಲ್ಲಿ, ಒಂದೆರಡು ತಿಂಗಳಲ್ಲಿ ತಾನೇ ಕೂಡಿಕೊಳ್ಳುತ್ತದೆ. ಇವನ ಕಿವಿಗೆ ಯಾರೋ ಹೇಳಿದರೆಂದು ಬಳ್ಳೊಳ್ಳಿ ಕಾಯಿಸಿದ ಎಣ್ಣೆ ಬಿಟ್ಟರು. ತೂತಿನ ಮೂಲಕ ಅದು ಒಳಗಿಳಿದು ಕಿವಿ ಸೋರತೊಡಗಿತು. ವರ್ಷಗಟ್ಟಲೆ ಸೋರಿತು. ಶಾಲೆಯಲ್ಲಿ ಅವನ ಪಕ್ಕ ಕೂತುಕೊಳ್ಳಲು ಹುಡುಗರು ಒಲ್ಲೆ ಅನ್ನುತ್ತಿದ್ದರು. ಆ ತಾಯಿ ಮಗನ ಮೇಲಿನ ಪ್ರೀತಿಯಿಂದಲೇ ಪಿನ್ನು ಹಿಡಿದಿದ್ದರು, ಪ್ರೀತಿಯಿಂದಲೇ ಎಣ್ಣೆ ಕಾಯಿಸಿದ್ದರು. ಅದನ್ನು ನೆನೆದರೆ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಕಿವಿ, ಮೂಗು, ಗಂಟಲಿನ ವೈದ್ಯರಾಗಿರುವ ಸ್ನೇಹಿತರೊಬ್ಬರಿದ್ದಾರೆ. ಗುಗ್ಗೆಗೆ ಹೊಲಸು ಎಂದರೆ ಅವರು ಒಪ್ಪುವುದಿಲ್ಲ. "ಅದು ಕಿವಿಗೆ ಹಚ್ಚಿದ ಔಷಧ" ಎನ್ನುತ್ತಾರೆ. ದೊಡ್ಡವರಲ್ಲಿ ಕಿವಿಯ ನಾಳ ಸುಮಾರು 2.5 ಸೆಂಟಿಮೀಟರ್. ಅದರ ಹೊರಗಿನ ಮೂರನೇ ಒಂದು ಭಾಗದ ಚರ್ಮದಲ್ಲಷ್ಟೇ ಕೂದಲೂ ಗುಗ್ಗೆ ಸ್ರವಿಸುವ ಗ್ರಂಥಿಗಳೂ ಇವೆ. ಒಳಗಿನ ಎರಡು ಭಾಗ ಎಲುಬಿನ ಮೇಲೆ ಎಳೆದು ಕಟ್ಟಿದ ತೆಳು ಚರ್ಮ. ಅಲ್ಲಿ ಗುಗ್ಗೆ ಹುಟ್ಟುವುದೇ ಇಲ್ಲ. ಸ್ವಲ್ಪ ತಾಗಿದರೂ ಪ್ರಾಣ ಹೋಗುವ ನೋವು. ಕೊನೆಯಲ್ಲಿ ಪರದೆ. ಅದರ ದಪ್ಪ ಒಂದು ಮಿಲಿಮೀಟರ್‌ನ ಹತ್ತನೇ ಒಂದು ಪಾಲು. ಗುಗ್ಗೆಯ ಜಿಡ್ಡು ನೀರನ್ನು ತಡೆಯುತ್ತದೆ, ಧೂಳನ್ನು ಹಿಡಿಯುತ್ತದೆ, ಅದರ ಹುಳಿಗುಣದಿಂದ ಬೂಜು, ಬ್ಯಾಕ್ಟೀರಿಯಾ ಬೆಳೆಯುವುದಿಲ್ಲ. ಎಲ್ಲಕ್ಕಿಂತ ಸೋಜಿಗವೆಂದರೆ ಕಿವಿಯ ಚರ್ಮ ತಾನೇ ಚಲಿಸುತ್ತದೆ. ಪರದೆಯ ನಡುವಿನಿಂದ ಶುರುವಾಗಿ ಹೊರಬಾಗಿಲ ಕಡೆಗೆ, ಹೆಚ್ಚುಕಡಿಮೆ ಉಗುರು ಬೆಳೆಯುವ ವೇಗದಲ್ಲಿ, ಹಳೆಯ ಗುಗ್ಗೆಯನ್ನು ಹೊತ್ತುಕೊಂಡು ಬರುತ್ತದೆ. ರೊಟ್ಟಿ ಅಗಿಯುವಾಗ, ಮಾತಾಡುವಾಗ ದವಡೆ ಅಲುಗಿ ಅದನ್ನು ಇನ್ನಷ್ಟು ಸಡಿಲಿಸುತ್ತದೆ. ಸ್ನಾನವಾದ ಮೇಲೆ ಟವಲಿನ ತುದಿಯಿಂದ ಹೊರಗಿವಿ ಒರೆಸಿಕೊಂಡರೆ ಬಹುಮಂದಿಗೆ ಅಷ್ಟೇ ಸಾಕು.

ಇಷ್ಟು ತಿಳಿದ ಮೇಲೆ ನನಗೆ ಕಿವಿಯ ಬಗ್ಗೆ ಒಂದು ಬಗೆಯ ಗೌರವವೇ ಹುಟ್ಟಿತು. ಆಯಿ ನನ್ನ ಕಿವಿಯಿಂದ ತೆಗೆಯುತ್ತಿದ್ದುದು ಹೊರಡಲು ಸಿದ್ಧವಾಗಿ ಬಾಗಿಲಿಗೆ ಬಂದು ನಿಂತಿದ್ದ ಗುಗ್ಗೆಯನ್ನು. ಅವಳು ಕರೆಯದಿದ್ದರೂ ಅದು ಬರುತ್ತಿತ್ತು.

ಆಯಿಯ ಪಿನ್ನಿಗಿಂತ ಇಂದಿನ ಹತ್ತಿಯ ಕಡ್ಡಿ ಮೃದು, ಹಾಗಾಗಿ ಸುರಕ್ಷಿತ ಎಂದು ನಮ್ಮ ಮನೆಗಳಲ್ಲಿ ತಿಳಿದಿದ್ದಾರೆ. ಕಿರಾಣಿ ಅಂಗಡಿಯಲ್ಲಿ ಸೋಪು, ಪೌಡರಿನ ಪಕ್ಕದಲ್ಲೇ ಅದರ ಡಬ್ಬಿ ಇರುತ್ತದೆ. 1923ರಲ್ಲಿ ಅಮೆರಿಕದ ಲಿಯೋ ಗೆರ್ಸ್ಟೆನ್‌ಜಾಂಗ್ ಎಂಬುವರು ತಮ್ಮ ಹೆಂಡತಿ ಹಲ್ಲುಕಡ್ಡಿಗೆ ಹತ್ತಿ ಸುತ್ತಿ ಮಗುವನ್ನು ಒರೆಸುವುದನ್ನು ನೋಡಿ ಇದನ್ನು ಸಿದ್ಧವಸ್ತುವಾಗಿ ಮಾರಲು ತೊಡಗಿದರು. ಮುಂದೆ ಕ್ಯೂ-ಟಿಪ್ಸ್ ಎಂದು ಹೆಸರಾದ ಆ ಕಡ್ಡಿಯ ಡಬ್ಬಿಯ ಮೇಲೆಯೇ ಕಿವಿಯ ನಾಳದೊಳಗೆ ಹಾಕಬೇಡಿ ಎಂದು ಅಚ್ಚು ಹಾಕಿರುತ್ತಾರೆ. ಓದುವವರು ಕಡಿಮೆ. ನಮ್ಮ ದೇಶದಲ್ಲಿ 2022ರ ಜುಲೈ 1ರಿಂದ ಪ್ಲಾಸ್ಟಿಕ್ ಕಡ್ಡಿಯ ಇಯರ್‌ಬಡ್‌ಗೆ ನಿಷೇಧವಿದೆ. ಅದು ಚರಂಡಿ, ಹೊಳೆಗಳ ಕಾಳಜಿಯಿಂದ ಬಂದ ನಿಷೇಧ. ಕಿವಿಯ ಕಾಳಜಿ ಯಾರ ತಲೆಯಲ್ಲೂ ಇರಲಿಲ್ಲವೇನೋ, ಈಗ ಅದೇ ಹತ್ತಿ ಬಿದಿರಿನ, ಕಾಗದದ ಕಡ್ಡಿಗೆ ಸುತ್ತಿಕೊಂಡು ಬರುತ್ತದೆ. ಹತ್ತಿಗೆ ಒಂದಿಷ್ಟು ಕಂದು ಬಣ್ಣ ಹತ್ತಿ ಬರುವುದನ್ನು ಕಂಡು ನಾವು ಸಮಾಧಾನ ಪಡುತ್ತೇವೆ. ಉಳಿದದ್ದೆಲ್ಲ, ತೊಗರಿಯ ಚೀಲವನ್ನು ಕೋಲಿನಿಂದ ಜಡಿದು ಜಡಿದು ತುಂಬಿದ ಹಾಗೆ, ಪರದೆಯ ಕಡೆಗೆ ಗಟ್ಟಿಯಾಗಿ ಕೂತುಕೊಳ್ಳುತ್ತದೆ. ಗುಗ್ಗೆ ಹುಟ್ಟದ ಜಾಗದಲ್ಲಿ ಗುಗ್ಗೆಯ ಗೋಡೆ ಎದ್ದಿರುವುದು ಬಹಳ ಸಲ ಈ ಕಡ್ಡಿಯಿಂದಲೇ.

ತೊಗರಿ ಎಂದೆ. ನಮ್ಮ ಕಡೆ ತೊಗರಿಗೂ ಕಿವಿಗೂ ಇನ್ನೊಂದು ನಂಟಿದೆ. ರಾಶಿಯ ದಿನಗಳಲ್ಲಿ ಕಣದಲ್ಲಿ ಆಡುವ ಕೂಸುಗಳು ಮೂಗಿಗೋ ಕಿವಿಗೋ ಒಂದು ಕಾಳು ಸೇರಿಸಿಕೊಂಡು ಬರುತ್ತವೆ. ಹಿರಿಯರು ಗಾಬರಿಯಿಂದ ನೀರು ಹಾಕಿ ತೊಳೆಯಲು ಹೋಗುತ್ತಾರೆ. ಬೇಡ. ನೀರು ಕುಡಿದ ಕಾಳು ಉಬ್ಬುತ್ತದೆ. ಸುಲಭವಾಗಿ ಬರುತ್ತಿದ್ದುದು ಸಿಕ್ಕಿಬೀಳುತ್ತದೆ. ಪಿನ್ನಿನಿಂದ ಕೆದಕಿದರೆ ಒಳಗೆ ಜಾರುತ್ತದೆ. ಮಗುವನ್ನು ಎತ್ತಿಕೊಂಡು ಸೀದಾ ದವಾಖಾನೆಗೆ ಹೋಗುವುದೊಂದೇ ದಾರಿ. ಆದರೆ ರಾತ್ರಿ ಮಲಗಿದಾಗ ಹುಳ ಹೊಕ್ಕು ಪಟಪಟ ಬಡಿದುಕೊಳ್ಳುತ್ತಿದ್ದರೆ, ಕಿವಿ ಸೋರುವ ಅಭ್ಯಾಸವಿಲ್ಲದವರಿಗೆ, ನಾಲ್ಕು ಹನಿ ಕೊಬ್ಬರಿ ಎಣ್ಣೆ ಬಿಟ್ಟರೆ ಅದು ಅಲ್ಲೇ ಸಾಯುತ್ತದೆ, ಬೆಳಗ್ಗೆ ತೆಗೆಸಿಕೊಳ್ಳಬಹುದು. ಕೈಗಡಿಯಾರ, ಆಟಿಕೆಗಳ ಗುಂಡನೆಯ ಸೆಲ್ ಹೊಕ್ಕರೆ ಮಾತ್ರ ಬೆಳಗಿನವರೆಗೆ ಕಾಯುವಂತಿಲ್ಲ. ಗಂಟೆಗಳಲ್ಲಿ ಸುಟ್ಟು ತೂತು ಮಾಡುತ್ತದೆ.

ವಾಡಿ ಜಂಕ್ಷನ್ನಿನಲ್ಲಿ ಗಾಡಿ ಬದಲಿಸಲು ಕುಳಿತಾಗ ಹಿಂದೆಲ್ಲ ಕಿವಿ ಸಾಫು ಮಾಡುವವರು ಎದುರಾಗುತ್ತಿದ್ದರು. ತಲೆಗೆ ಕೆಂಪು ಟೋಪಿ, ಅದರ ಮಡಿಕೆಯಲ್ಲಿ ಹತ್ತಿ ಸುತ್ತಿದ ಉದ್ದ ಸೂಜಿ, ಹೆಗಲಲ್ಲಿ ಎಣ್ಣೆ ಬಾಟಲಿಗಳ ಚೀಲ. ಮುಂಬೈ, ದಿಲ್ಲಿ, ಹೈದರಾಬಾದುಗಳಲ್ಲಿ ತಲೆಮಾರುಗಳಿಂದ ಈ ಕಸುಬು ಮಾಡಿದವರಿದ್ದಾರೆ. ಪಕ್ಕಕ್ಕೆ ಬಂದು, ಕೇಳದೆಯೇ ಕಿವಿಯೊಳಗೆ ಇಣುಕಿ, "ಅರೆ ಸಾಬ್, ಪತ್ಥರ್ ಹೈ" ಎಂದು ಅಂಗೈಯಲ್ಲಿ ಜೋಳದ ಕಾಳಿನಷ್ಟು ಕಲ್ಲು ತೋರಿಸುತ್ತಿದ್ದರು. ಕಿವಿಯಲ್ಲಿ ಅಂಥ ಕಲ್ಲು ಇರುವುದಿಲ್ಲ. ಅದು ಮೊದಲೇ ಅವರ ಬೆರಳ ಸಂದಿಯಲ್ಲಿರುತ್ತಿತ್ತು. ಆದರೂ ಅವರ ಮೇಲೆ ನನಗೆ ಸಿಟ್ಟಿಲ್ಲ. ನಾಲ್ಕು ಕಾಸಿಗಾಗಿ ಊರೂರು ಅಲೆದವರು. ನನಗಿದ್ದ ಅಂಜಿಕೆ ಸೂಜಿಯದು. ಒಂದೇ ಸೂಜಿ ಎಷ್ಟು ಕಿವಿಗಳನ್ನು ಕಂಡಿರಬೇಕು, ಒಬ್ಬರ ಕೀವು ಇನ್ನೊಬ್ಬರಿಗೆ ಎಷ್ಟು ಸಲ ದಾಟಿರಬೇಕು. ಸಕ್ಕರೆ ಕಾಯಿಲೆ ಇದ್ದವರಿಗಂತೂ ಕಿವಿಯ ನಾಳದ ಒಂದು ಸಣ್ಣ ಗೀರೂ ಕಡೆಗಣಿಸುವಂಥದ್ದಲ್ಲ. ಸೋಂಕು ಎಲುಬಿಗೆ ಇಳಿದರೆ ಜೀವಕ್ಕೇ ಅಪಾಯ. ನಮ್ಮ ಓಣಿಗಳಲ್ಲಿ ಈಗ ಸಕ್ಕರೆ ಕಾಯಿಲೆ ಇಲ್ಲದ ಮನೆ ಹುಡುಕಬೇಕು. ಕಾಯಿಲೆ ಇರುವ ಮನೆಗಳಲ್ಲೂ ಬಳೆಗೆ ಪಿನ್ನು ಇದ್ದೇ ಇದೆ.

ಹುಡುಗರಾಗಿದ್ದಾಗ ನಮಗೆ ಗೊತ್ತಿದ್ದ ಒಂದು ಉಪಾಯ ಮಾತ್ರ ಇಂದಿಗೂ ನನಗೆ ಬಹಳ ಇಷ್ಟ. ಬೇಸಿಗೆಯಲ್ಲಿ ಕಾಗಿಣಾದ ಮಡುವಿಗೆ ಈಜಲು ಹೋದಾಗ ಕಿವಿಗೆ ನೀರು ಸೇರಿ ಗುಂಯ್‌ಗುಡುತ್ತಿತ್ತು. ಮೊದಲು ಆ ಬದಿಗೆ ತಲೆ ಬಾಗಿಸಿ ಒಂಟಿಕಾಲಲ್ಲಿ ಕುಣಿಯುವುದು. ಅದಕ್ಕೂ ಬಗ್ಗದಿದ್ದರೆ ದಡದ ಮೇಲೆ ಬಿಸಿಲಿಗೆ ಕಾದ ಚಪ್ಪಟೆ ಕಲ್ಲಿಗೆ ಕಿವಿ ಒತ್ತಿ ಮಲಗುವುದು. ಶಹಾಬಾದಿನಿಂದ ಸೇಡಂವರೆಗೆ ನೆಲದಡಿಯಲ್ಲಿ ಹಾಸಿಕೊಂಡಿರುವುದು ಆ ಸುಣ್ಣದ ಕಲ್ಲೇ, ಹಾಗಾಗಿ ನಮಗೆ ಕಲ್ಲಿಗೆ ಬರವಿರಲಿಲ್ಲ. ಕೆನ್ನೆಗೆ ಹಿತವಾದ ಬಿಸಿ, ಮೂಗಿಗೆ ಒದ್ದೆ ಕಲ್ಲಿನ ವಾಸನೆ. ಸ್ವಲ್ಪ ಹೊತ್ತಿಗೆ ಕಿವಿಯೊಳಗಿಂದ ಬೆಚ್ಚಗೆ ಒಂದು ಹನಿ ಇಳಿಯುತ್ತಿತ್ತು, ಜಗತ್ತಿನ ಸದ್ದೆಲ್ಲ ಒಮ್ಮೆಲೇ ತೆರೆದುಕೊಳ್ಳುತ್ತಿತ್ತು. ಏನನ್ನೂ ಒಳಗೆ ಹಾಕದ ಉಪಾಯ ಅದು. ನನ್ನ ವೈದ್ಯ ಸ್ನೇಹಿತರಿಗೆ ಹೇಳಿದಾಗ ಅವರು "ಕಲ್ಲು ಬಹಳ ಕಾದಿರಬಾರದು ನೋಡ್ರಿ" ಎಂದರೇ ಹೊರತು ತಪ್ಪು ಹುಡುಕಲಿಲ್ಲ. ಈಜಿದ ಮೇಲೆ ಅಥವಾ ತಲೆಗೆ ಎರೆದುಕೊಂಡ ಮೇಲೆ ಕೆಲವರಿಗೆ ಥಟ್ಟನೆ ಕಿವಿ ಮುಚ್ಚಿಬಿಡುತ್ತದೆ. ಅದು ಒಳಗಿದ್ದ ಗಟ್ಟಿ ಗುಗ್ಗೆ ನೀರು ಹೀರಿ ಉಬ್ಬಿದ್ದು, ಕಿವುಡು ಬಂದದ್ದಲ್ಲ ಎಂದೂ ಅವರೇ ಹೇಳಿದರು.

ನೀರಿನ ಬಿಸಿ, ತಂಪಿನ ಬಗ್ಗೆ ಒಂದು ಕಥೆಯಿದೆ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ವಿಯೆನ್ನಾದಲ್ಲಿ ರಾಬರ್ಟ್ ಬಾರಾನಿ ಎಂಬ ಕಿವಿಯ ವೈದ್ಯರಿದ್ದರು. ಪಿಚಕಾರಿಯಿಂದ ಕಿವಿ ತೊಳೆಯುವಾಗ ರೋಗಿಗಳಿಗೆ ತಲೆ ತಿರುಗುತ್ತಿತ್ತು. ನೀರು ತಣ್ಣಗಿದ್ದಾಗ ಮಾತ್ರ ಹೀಗಾಗುತ್ತದೆ ಎಂದು ರೋಗಿಯೊಬ್ಬರು ಹೇಳಿದರು. ಮುಂದಿನ ಸಲ ನೀರು ಬಿಸಿಯಾಯಿತು, ಆಗಲೂ ತಲೆ ತಿರುಗಿತು, ಆದರೆ ಕಣ್ಣುಗುಡ್ಡೆ ಅದುರಿದ್ದು ಮೊದಲಿನದಕ್ಕೆ ಎದುರು ದಿಕ್ಕಿಗೆ. ರೋಗಿಯ ದೂರನ್ನು ಬಾರಾನಿ ತಳ್ಳಿಹಾಕಲಿಲ್ಲ. ಅದರ ಬೆನ್ನು ಹತ್ತಿ ಮೈಯ ಸಮತೋಲ ಒಳಗಿವಿಯಲ್ಲಿ ಹೇಗೆ ನಡೆಯುತ್ತದೆ ಎಂಬುದನ್ನು ಬಿಡಿಸಿದರು. 1914ರ ನೊಬೆಲ್ ಪ್ರಶಸ್ತಿ ಅವರಿಗೆ ಬಂತು. ಸುದ್ದಿ ತಲುಪಿದಾಗ ಅವರು ಮಹಾಯುದ್ಧದಲ್ಲಿ ಸೆರೆಸಿಕ್ಕು ರಷ್ಯಾದ ಬಂದಿಯಾಗಿದ್ದರು. ಮನೆಯಲ್ಲಿ ಯಾರಾದರೂ ಸಿರಿಂಜಿನಲ್ಲಿ ತಂಬಿಗೆಯ ನೀರು ತುಂಬಿ ಕಿವಿಗೆ ಹೊಡೆಯುವುದನ್ನು ಕಂಡಾಗ ನನಗೆ ಬಾರಾನಿ ನೆನಪಾಗುತ್ತಾರೆ. ಕಿವಿ ತೊಳೆಯುವ ನೀರು ಮೈಯ ಬಿಸಿಯಷ್ಟೇ, 37 ಡಿಗ್ರಿಯ ಆಸುಪಾಸು ಇರಬೇಕು. ಪರದೆ ಗಟ್ಟಿಯಿದೆಯೆಂದು ಮೊದಲು ಕಣ್ಣಾರೆ ನೋಡಿರಬೇಕು. ಪರದೆಯಲ್ಲಿ ತೂತಿದ್ದ ಕಿವಿಗೆ ನೀರು ಹೊಡೆದರೆ ಆಗುವ ಅನಾಹುತಕ್ಕೆ ಕೊನೆಯಿಲ್ಲ.

ನೀರಿಗಿಂತ ಮೊದಲು ಎಣ್ಣೆ ಎಂಬುದು ನಮ್ಮ ನೆಲದ ಬಹಳ ಹಳೆಯ ತಿಳಿವಳಿಕೆ. ಸುಶ್ರುತ ಸಂಹಿತೆಯಲ್ಲಿ ಕಿವಿಯ 28 ರೋಗಗಳನ್ನು ಹೇಳಿದ್ದಾರೆ. ಗುಗ್ಗೆ ಗಟ್ಟಿಯಾಗುವುದೂ ಅವುಗಳಲ್ಲಿ ಒಂದು, ಕರ್ಣಗೂಥ ಎಂದು ಅದರ ಹೆಸರು. ಎಣ್ಣೆಯಿಂದ ನೆನೆಸಿ, ಕಾವು ಕೊಟ್ಟು ಕರಗಿಸಿ, ಆಮೇಲೆ ವೈದ್ಯನು ಶಲಾಕೆಯಿಂದ ತೆಗೆಯಬೇಕು ಎಂಬುದು ಅಲ್ಲಿನ ಕ್ರಮ. ಮೊದಲು ಮೆತ್ತಗಾಗಬೇಕು, ತೆಗೆಯುವ ಕೈ ಬಲ್ಲವರದಾಗಿರಬೇಕು. ಇಂದಿನ ದವಾಖಾನೆಯಲ್ಲೂ ಅದೇ: ಕೆಲವು ದಿನ ಹನಿ ಔಷಧವನ್ನೋ ಉಗುರುಬೆಚ್ಚಗಿನ ಎಣ್ಣೆಯನ್ನೋ ಹಾಕಿ ಮೆತ್ತಗಾಗಿಸಿ, ಬೆಳಕಿನಲ್ಲಿ ನೋಡುತ್ತ, ಸಣ್ಣ ನಳಿಕೆಯಿಂದ ಹೀರಿ ತೆಗೆಯುತ್ತಾರೆ. ಹಿಂದೆ ಸೋರಿದ ಕಿವಿಗೆ, ನೋಯುತ್ತಿರುವ ಕಿವಿಗೆ ಕೇಳದೆ ಎಣ್ಣೆ ಹಾಕುವಂತಿಲ್ಲ. ಕುದಿಯುವ ಎಣ್ಣೆ, ಬಳ್ಳೊಳ್ಳಿ ಎಣ್ಣೆ, ಎಲೆಯ ರಸ, ಕೂಸಿನ ಕಿವಿಗೆ ಎದೆಹಾಲು, ಇವೆಲ್ಲ ಬಿಡಬೇಕಾದವು. ಕಿವಿಯಲ್ಲಿ ಮೇಣದ ಬತ್ತಿ ಹಚ್ಚಿ ಗುಗ್ಗೆ ಎಳೆಯುತ್ತೇವೆಂದು ಮಹಾನಗರಗಳಲ್ಲಿ ಹಣ ತೆಗೆದುಕೊಳ್ಳುವವರೂ ಇದ್ದಾರೆ. ಆ ಬತ್ತಿ ಏನನ್ನೂ ಎಳೆಯುವುದಿಲ್ಲ. ಬತ್ತಿಯ ಬುಡದಲ್ಲಿ ಉಳಿಯುವುದು ಮೇಣದ ಬೂದಿ, ಕಿವಿಯಲ್ಲಿ ಉಳಿಯುವುದು ಸುಟ್ಟ ಗಾಯ.

ಕಲ್ಲಿನ ಖಣಿಯವರ, ಪಾಲಿಶ್ ಮಶೀನಿನವರ ಕಿವಿಗಳ ಮಾತು ಬೇರೆ. ಶಹಾಬಾದ ಕಡೆಯಿಂದ ಬರುವವರ ಗುಗ್ಗೆ ಬೂದುಬಣ್ಣದ್ದಾಗಿರುತ್ತದೆ ಎಂದು ಸ್ನೇಹಿತರು ಹೇಳುತ್ತಾರೆ. "ಕಿವ್ಯಾಗ ನೋಡಿದ್ರ ಮನುಷ್ಯಾ ಏನು ದುಡೀತಾನ ತಿಳೀತದ." ಕಲ್ಲಿನ ಪುಡಿ, ಸಿಮೆಂಟಿನ ಪುಡಿ ಗುಗ್ಗೆಯಲ್ಲಿ ಸಿಕ್ಕಿ ಗಟ್ಟಿಯಾಗುತ್ತದೆ. ಅದು ಪುಡಿಯನ್ನು ತಡೆದು ನಿಲ್ಲಿಸಿದೆ, ತನ್ನ ಕೆಲಸ ಮಾಡಿದೆ. ಆದರೆ ಮಶೀನಿನ ಸದ್ದನ್ನು ಅದು ತಡೆಯಲಾರದು. ಸದ್ದಿನಿಂದ ಸತ್ತ ಒಳಗಿವಿಯ ಜೀವಕೋಶಗಳು ಮತ್ತೆ ಹುಟ್ಟುವುದಿಲ್ಲ. ಕಿವಿ ಮಂದವಾದ ಕೂಲಿಯವರು ಗುಗ್ಗೆಯೇ ಕಾರಣವೆಂದು ಕಡ್ಡಿ ಹಾಕಿ ಹಾಕಿ ಗಾಯ ಮಾಡಿಕೊಳ್ಳುತ್ತಾರೆ. ಅವರಿಗೆ ಬೇಕಾದದ್ದು ಮಶೀನಿನ ಮುಂದೆ ನಿಲ್ಲುವಾಗ ಕಿವಿ ಮುಚ್ಚುವ ಸಾಧನ. ಅದನ್ನು ದಿನಗೂಲಿಯವರು ತಾವೇ ಕೊಂಡುಕೊಳ್ಳಲಿ ಎಂದು ಬಿಡುವುದು ಸರಿಯಲ್ಲ, ದುಡಿಸಿಕೊಳ್ಳುವವರು ಕೊಡಬೇಕು.

ಗುಗ್ಗೆಯಲ್ಲಿ ಬದುಕು ಬರೆದಿಡುವ ಮಾತು ಬರೀ ನಮ್ಮ ಕಲ್ಲಿನ ಕೆಲಸದವರದಲ್ಲ. 2007ರಲ್ಲಿ ಕ್ಯಾಲಿಫೋರ್ನಿಯಾದ ಕಡಲಲ್ಲಿ ಹಡಗು ಬಡಿದು ಸತ್ತ ಒಂದು ನೀಲಿ ತಿಮಿಂಗಿಲದ ಕಿವಿಯಿಂದ ಗೇಣುದ್ದದ ಗುಗ್ಗೆಯ ಬೆಣೆ ತೆಗೆದರು. ತಿಮಿಂಗಿಲದ ಕಿವಿ ಹೊರಗೆ ತೆರೆದಿರುವುದಿಲ್ಲ, ಹಾಗಾಗಿ ಹುಟ್ಟಿನಿಂದ ಸಾವಿನವರೆಗಿನ ಗುಗ್ಗೆ ಪದರು ಪದರಾಗಿ ಅಲ್ಲೇ ಕೂತಿರುತ್ತದೆ. 2013ರಲ್ಲಿ ಪ್ರಕಟವಾದ ಅದರ ಪರೀಕ್ಷೆಯಲ್ಲಿ ಅದು ಎಳೆಯದಾಗಿದ್ದಾಗ ತಾಯಿಯಿಂದ ಬಂದ ಕೀಟನಾಶಕ, ಅದು ಯಾವ ವಯಸ್ಸಿನಲ್ಲಿ ದುಗುಡ ಪಟ್ಟಿತು ಎಂಬುದೆಲ್ಲ ಸಿಕ್ಕಿತು. ಅಷ್ಟು ದೊಡ್ಡ ಪ್ರಾಣಿಯ ಸಂಕಟ ಅಷ್ಟು ಸಣ್ಣ ಜಾಗದಲ್ಲಿ!

ನಮ್ಮೂರಿನ ಮುತ್ಯಾ ಒಬ್ಬರಿಗೆ ಕಿವಿ ಕೇಳಿಸದಾಯಿತು. ವಯಸ್ಸಾಯ್ತು ಎಂದರು ಮನೆಯವರು. ಮೊದಮೊದಲು ಒದರಿ ಹೇಳುತ್ತಿದ್ದರು, ಆಮೇಲೆ ಸನ್ನೆ ಮಾಡುತ್ತಿದ್ದರು, ಆಮೇಲೆ ಅದನ್ನೂ ಬಿಟ್ಟರು. ಮುತ್ಯಾನ ಹೊರಸು ಪಡಸಾಲೆಯಿಂದ ಹೊರಗಿನ ಕಟ್ಟೆಗೆ ಬಂತು. ಯಾರು ಏನು ಕೇಳಿದರೂ "ಹೌದಪ್ಪ, ಹೌದು" ಅನ್ನುತ್ತಿದ್ದರು. ಭಜನೆಗೆ ಹೋಗುವುದನ್ನು ನಿಲ್ಲಿಸಿದರು. ತಾಳ ತಪ್ಪಿದರೆ ಹುಡುಗರು ನಗುತ್ತಾರೆಂದು. ಹಬ್ಬಕ್ಕೆ ಬಂದ ಮೊಮ್ಮಗಳು, ನರ್ಸಿಂಗ್ ಓದುತ್ತಿದ್ದವಳು, ಮೊಬೈಲಿನ ಬ್ಯಾಟರಿ ಬೆಳಕು ಬಿಟ್ಟು ನೋಡಿ, "ಎರಡೂ ಕಿವಿ ತುಂಬ್ಯಾವ, ಮುತ್ಯಾನ ಕರ್ಕೊಂಡ್ ಹೋಗೂಣು" ಎಂದು ಹಠ ಹಿಡಿದಳು. ಕಲಬುರಗಿಗೆ ಕರೆದೊಯ್ದರು. ವೈದ್ಯರು ಕೆಲವು ದಿನ ಹನಿ ಹಾಕಲು ಹೇಳಿ, ಮತ್ತೆ ಕರೆಸಿ, ಹೀರಿ ತೆಗೆದರು. ಬಂದದ್ದು ಕಪ್ಪಗಾಗಿದ್ದ, ಹುಣಸೆಬೀಜದಷ್ಟು ಗಟ್ಟಿಯಾಗಿದ್ದ ಎರಡು ಗಂಟು. ಮುತ್ಯಾ ಮೊದಲು ತಲೆ ಎತ್ತಿ ನೋಡಿದ್ದು ಫ್ಯಾನಿನ ಕಡೆಗೆ. ಆಮೇಲೆ ಎಂದಿನಂತೆ ಕೂಗಿ ಮಾತಾಡಿದ ಮಗನನ್ನು, "ಯಾಕೋ, ಇಟ್ಟ್ಯಾಕ ಒದರ್ಲತ್ತಿ?" ಎಂದು ಗದರಿಸಿದರು. ಮಗ ಅಲ್ಲೇ ಗೋಡೆಗೆ ಮುಖ ಮಾಡಿ ಅತ್ತರಂತೆ.

ಮುತ್ಯಾ ಮತ್ತೆ ಭಜನೆಗೆ ಹೋದರು. ಹೊರಸು ಒಳಗೆ ಬಂತು. ಎಲ್ಲ ಮುಪ್ಪಿನ ಕಿವುಡೂ ಹೀಗೆ ಹೋಗುವುದಿಲ್ಲ, ನನಗೆ ಗೊತ್ತಿದೆ. ಆದರೆ ವಯಸ್ಸಾದಂತೆ ಗುಗ್ಗೆ ಒಣಗುತ್ತದೆ, ಕಿವಿಯ ಕೂದಲು ದಪ್ಪವಾಗುತ್ತದೆ, ಹಲ್ಲುಬಿದ್ದ ಬಾಯಿ ಹೆಚ್ಚು ಅಗಿಯುವುದಿಲ್ಲ, ಗುಗ್ಗೆ ಹೊರಬರುವ ದಾರಿ ಕಟ್ಟಿಕೊಳ್ಳುತ್ತದೆ. ಕಿವಿಯಂತ್ರ ಹಾಕಿಕೊಳ್ಳುವವರಿಗೆ ಇನ್ನೂ ಹೆಚ್ಚು. ಗುಗ್ಗೆಯಿಂದ ಬಂದ ಕಿವುಡೋ ಒಳಗಿವಿಯ ಕಿವುಡೋ ಎಂದು ತಿಳಿಯದೆ ಒಬ್ಬ ಮನುಷ್ಯನನ್ನು ಕಟ್ಟೆಗೆ ದೂಡುವುದು ನನಗೆ ಪಿನ್ನು ಚುಚ್ಚುವುದಕ್ಕಿಂತ ದೊಡ್ಡ ಗಾಯವಾಗಿ ಕಾಣುತ್ತದೆ.

ಇಷ್ಟೆಲ್ಲ ಹೇಳಿದ ಮೇಲೂ ಆಯಿಯ ತೊಡೆಯ ನೆನಪು ನನ್ನನ್ನು ಬಿಡುವುದಿಲ್ಲ. ಜಪಾನಿನಲ್ಲೂ ಹೀಗೆಯೇ ಇದೆಯೆಂದು ಓದಿದಾಗ ಆಯಿಯನ್ನೇ ಕಂಡಷ್ಟು ಖುಷಿಯಾಯಿತು. ಅಲ್ಲಿ ಬಹುಪಾಲು ಜನರದು ಒಣಗಿದ ಪುಡಿಪುಡಿ ಗುಗ್ಗೆ. ಒಂದೇ ಜೀನಿನ ಸಣ್ಣದೊಂದು ವ್ಯತ್ಯಾಸದಿಂದ ಗುಗ್ಗೆ ಒಣಗಿದ್ದೋ ಜಿಡ್ಡಿನದೋ ಎಂಬುದು ತೀರ್ಮಾನವಾಗುತ್ತದೆ ಎಂದು 2006ರಲ್ಲಿ ಜಪಾನಿನ ವಿಜ್ಞಾನಿಗಳೇ ತೋರಿಸಿದರು. ಅಲ್ಲಿಯ ಮಕ್ಕಳೂ ಅವ್ವನ ತೊಡೆಗೆ ತಲೆಯಿಟ್ಟು ಬಿದಿರಿನ ಕಡ್ಡಿಯಿಂದ ಕಿವಿ ತೆಗೆಸಿಕೊಂಡು ಬೆಳೆಯುತ್ತಾರೆ. ಅವ್ವ ದೂರದ ಊರಲ್ಲಿರುವ ದೊಡ್ಡವರು ಹಣ ಕೊಟ್ಟು ತೊಡೆಗೆ ತಲೆಯಿಡುವ ಅಂಗಡಿಗಳೂ ಅಲ್ಲಿವೆ. ಅವರು ಅಲ್ಲಿಗೆ ಗುಗ್ಗೆಗಾಗಿ ಹೋಗುತ್ತಾರೆಂದು ನಾನು ನಂಬುವುದಿಲ್ಲ. ನಾವೂ ಆಯಿಯ ಹತ್ತಿರ ಗುಗ್ಗೆಗಾಗಿ ಹೋಗಿರಲಿಲ್ಲ. ಹಣೆ ಹಿಡಿಯುವ ಕೈ, ಕಥೆ, ಬಿಸಿಲು, ಅವಳ ಹೊಟ್ಟೆಯ ಗುಡುಗುಡು, ಇವು ಬೇಕಾಗಿದ್ದವು. ಪಿನ್ನು ಆ ಸಂಬಂಧಕ್ಕೆ ಒಂದು ನೆಪವಾಗಿತ್ತು. ಈಗ ನಮ್ಮ ಮನೆಯ ಮಕ್ಕಳು ತೊಡೆಗೆ ಬಂದಾಗ ನಾನು ಟವಲಿನ ಒದ್ದೆ ತುದಿಯಿಂದ ಕಿವಿಯ ಹಿಂಬದಿ, ಮಡಿಕೆಗಳನ್ನು ಒರೆಸುತ್ತೇನೆ, ತಲೆಗೆ ಕೊಬ್ಬರಿ ಎಣ್ಣೆ ತಿಕ್ಕುತ್ತೇನೆ, ಮಳಖೇಡದ ದೀಪಗಳ ಕಥೆಯನ್ನೇ ಹೇಳುತ್ತೇನೆ. ಅವರಿಗೆ ಯಾವ ಕೊರತೆಯೂ ಕಾಣಿಸಿಲ್ಲ. ತೊಡೆ ಉಳಿಯಲಿ, ಪಿನ್ನು ಹೋಗಲಿ.

ಮಾರ್ಚ್ 3 ವಿಶ್ವ ಶ್ರವಣ ದಿನ. ಕಿವುಡು ತಡೆಯುವ ರಾಷ್ಟ್ರೀಯ ಕಾರ್ಯಕ್ರಮ 2007ರಿಂದ ನಡೆಯುತ್ತಿದೆ. ಆ ದಿನಕ್ಕೆ ಕಾಯಬೇಕಿಲ್ಲ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ, ಯಾವ ಊರಿನವರೇ ಆಗಿರಿ, ನಿಮ್ಮ ಮನೆಯ ಹಿರಿಯರು ಮಾತಿಗೆ "ಹಾಂ? ಹಾಂ?" ಅನ್ನತೊಡಗಿದ್ದರೆ, ಮಗು ಟೀವಿಯ ಹತ್ತಿರ ಹತ್ತಿರ ಹೋಗಿ ಕೂರುತ್ತಿದ್ದರೆ, ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ದು ಚೀಟಿ ಮಾಡಿಸಿ, ಕಿವಿಯೊಳಗೆ ಬೆಳಕು ಬಿಟ್ಟು ನೋಡಿರೆಂದು ಕೇಳಿ. ಅಲ್ಲಿ ಆಗದಿದ್ದರೆ ಕಲಬುರಗಿಯ ಜಿಲ್ಲಾ ಆಸ್ಪತ್ರೆಗೆ ಬರೆದುಕೊಡಿರೆಂದು ಕೇಳಿ. ಅಲ್ಲಿಯವರೆಗೆ ಆ ಕಿವಿಗೆ ನೀವೂ ಏನೂ ಹಾಕಬೇಡಿ, ಬೇರೆಯವರಿಗೂ ಹಾಕಲು ಬಿಡಬೇಡಿ.